ಕರಡಿಗೆ ಬೆಸೆಯುವವರ ಬಾಯೊಳಗಿನ ತೂತು

ಹಲ್ಲು ಕೀಳಿಸಲು ತೆತ್ತದ್ದು ಆರುನೂರು ರೂಪಾಯಿ. ಅದು ಬಿಟ್ಟುಹೋದ ತೂತು ಮುಚ್ಚಿಸಲು ಎರಡು ಶಸ್ತ್ರಚಿಕಿತ್ಸೆ, ಮೂರು ತಿಂಗಳ ದುಡಿಮೆ, ಮನೆಯಾಕೆಯ ಬಳೆ. ಲಷ್ಕರ್ ಮೊಹಲ್ಲಾದ ಗಲ್ಲಿಯೊಂದರಲ್ಲಿ ಬೆಳಕು ಹರಿಯುವಾಗಲೇ ಅಂಗಡಿ ತೆರೆದ ಶಿವಕುಮಾರ್ ಇವತ್ತು ನೋಡಬೇಕಾದದ್ದು ಒಂದೇ: ಆ ತೂತು ನಿಜಕ್ಕೂ ಮುಚ್ಚಿದೆಯೇ?

ಕೂತಲ್ಲಿ ಕೂರಲಾಗುತ್ತಿಲ್ಲ ಅವರಿಗೆ. ದೀಪದ ಬತ್ತಿ ಕತ್ತರಿಸುತ್ತಾರೆ, ಮತ್ತೆ ಕತ್ತರಿಸುತ್ತಾರೆ. ಊದುಗೊಳವೆ ಒರೆಸಿಡುತ್ತಾರೆ, ಎತ್ತಿಕೊಳ್ಳುತ್ತಾರೆ. ನಾಲಿಗೆಯೋ, ಮೇಲಿನ ದವಡೆಯನ್ನು ತಡವುತ್ತಲೇ ಇದೆ.

“ನಾಲ್ಗೆ ಸುಮ್ನಿರಿಸ್ಕೊಳ್ರೀ, ಅದೇ ಇನ್ನೊಂದು ತೂತು ಕೊರೆದ್ಬುಟ್ಟೀತು,” ಎಂದು ಹೆಂಡತಿ ಗೌರಾಂಬ ಗದರುತ್ತಾರೆ.

ಶಿವಕುಮಾರ್ ಬೆಸೆಯುವುದು ಕರಡಿಗೆಗಳನ್ನು. ಇಷ್ಟಲಿಂಗವಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿಗಳನ್ನು. ತಲೆಮಾರುಗಳು ಸವೆಸಿದ ಬೆಳ್ಳಿ ಕಾಗದದಷ್ಟು ತೆಳು. “ಗ್ಯಾಸ್ ಹಿಡಿದ್ರೆ ಕರಗೋಯ್ತದೆ. ಬಾಯಲ್ಲೇ ಊದ್ಬೇಕು,” ಎನ್ನುತ್ತಾರೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಲ್ಲಿ ಉಸಿರೆಳೆಯುತ್ತ, ಕೊಳವೆಯಿಂದ ದೀಪದ ಜ್ವಾಲೆ ಮುರಿಯದಂತೆ ಊದುವುದು ತಂದೆ ಶಿವಲಿಂಗಯ್ಯ ಕಲಿಸಿದ ವಿದ್ಯೆ. ದಿನಕ್ಕೆ ನಾಲ್ಕೈದು ಕೆಲಸ, ಎಲ್ಲವೂ ಬೆಳಿಗ್ಗೆಯೇ. ಬಂದವರು ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ಎದೆಗವಚಿಕೊಂಡು ಕಾಯುತ್ತಾರೆ. ಪೂಜೆಯಾಗದೆ ಹಲವರು ಹನಿ ನೀರೂ ಮುಟ್ಟುವುದಿಲ್ಲ.

ಮೂರು ತಿಂಗಳ ಹಿಂದೆ ಮೇಲಿನ ದವಡೆಹಲ್ಲು ಕೀಳಿಸಿದ ಮರುದಿನ, ಕುಡಿದ ಕಾಫಿ ಮೂಗಿನಲ್ಲಿ ಇಳಿಯಿತು. ಊದಿದರೆ ಗಾಳಿ ಮೂಗಿಗೆ ಸೋರಿ ಜ್ವಾಲೆ ಸಾಯುತ್ತಿತ್ತು. ಹಲ್ಲಿನ ಬೇರಿದ್ದ ಜಾಗ ಮೂಗಿನ ಪಕ್ಕದ ಗಾಳಿಗೂಡಿಗೆ ದಾರಿಯಾಗಿದೆ ಎಂದರು ಡಾಕ್ಟರ್ ಅನುಪಮಾ. ಕೆನ್ನೆಯೊಳಗಿನ ಪದರ ಎಳೆದು ಹೊಲಿದರು. ಒಂದು ತಿಂಗಳು ಮೂಗು ಸೀಟಬಾರದು, ಊದಲೇಬಾರದು ಎಂದರು.

ಎರಡು ವಾರ ಕಳೆಯುವ ಮುಂಚೆಯೇ ಯಾದವಗಿರಿಯ ಸಿದ್ದಲಿಂಗಮ್ಮ ಬಂದರು. ಕರಡಿಗೆಯ ಕೊಂಡಿ ಮುರಿದಿತ್ತು. ಮುದುಕಿಯ ತುಟಿ ಒಣಗಿತ್ತು. “ಒಂದೇ ಸಲ ಊದಾನ ಅಂದ್ಕೊಂಡೆ. ಒಳಗೆ ದಾರ ಕಿತ್ತಂಗಾಯ್ತು,” ಎನ್ನುತ್ತಾರೆ ಶಿವಕುಮಾರ್. ಹೊಲಿಗೆ ಬಿಚ್ಚಿತ್ತು. ಎರಡನೇ ಸಲ ಅಂಗುಳಿನಿಂದ ಪದರ ತಿರುಗಿಸಿ ಮುಚ್ಚಬೇಕಾಯಿತು. ಇನ್ನು ಊದಬಹುದು ಎಂದು ಡಾಕ್ಟರ್ ಹೇಳಿದ್ದು ನಿನ್ನೆ.

ಇವತ್ತು ಮೊದಲು ಬಂದವರೂ ಸಿದ್ದಲಿಂಗಮ್ಮನೇ. ಅಂದು ಅರ್ಧಕ್ಕೆ ನಿಂತ ಕೊಂಡಿಯನ್ನು ಇಷ್ಟು ದಿನ ದಾರದಲ್ಲಿ ಬಿಗಿದುಕೊಂಡಿದ್ದರು. ಶಿವಕುಮಾರ್ ಗಡಿಬಿಡಿಯಲ್ಲಿ ಕೈ ಚಾಚುತ್ತಾರೆ. ಆಕೆ ಕೊಡುವುದಿಲ್ಲ.

“ನಿಧಾನ ಕಣಪ್ಪ. ಕಾಫಿ ಕುಡ್ದು, ಎರಡು ಇಡ್ಲಿ ತಿಂದ್ಕೊಂಡೇ ಬಂದಿವ್ನಿ.”

“ಪೂಜೆ ಮಾಡ್ದೇನಾ ಅವ್ವಾ?”

“ಶಿವ ಕೇಳಿದ್ರೆ ನಾನು ಹೇಳ್ಕೋತೀನಿ. ನೀನು ಮಧ್ಯಾನಕ್ಕೆ ಮಾಡಿದ್ರೂ ಕೂತಿರ್ತೀನಿ.”

ಆಮೇಲೆ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಕರಡಿಗೆ ಕೊಡುತ್ತಾರೆ. ಶಿವಕುಮಾರ್ ತಲೆ ತಗ್ಗಿಸಿ ಊದುಗೊಳವೆ ಬಾಯಿಗಿಡುತ್ತಾರೆ. ಜ್ವಾಲೆ ಬಾಗಿ ಸೂಜಿಯಾಗುತ್ತದೆ. ಗೌರಾಂಬ ಬೆರಳನ್ನು ಗಂಡನ ಮೂಗಿನ ಕೆಳಗೆ ಹಿಡಿದೇ ನಿಂತಿದ್ದಾರೆ. ನಡುವೆ ಒಮ್ಮೆ ಶಿವಕುಮಾರ್ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಾರೆ. ಮೊದಲು ಹೀಗೆ ನಿಲ್ಲಿಸುತ್ತಿರಲಿಲ್ಲ. ಮತ್ತೆ ಊದುತ್ತಾರೆ. ಬೆಸುಗೆ ಕರಗಿ ಹರಿದು ಹೊಳೆಯುತ್ತದೆ.

ಕೊಂಡಿ ಕೂತಿದೆ. ಗಾಳಿ ಸೋರಲಿಲ್ಲ. ತಪ್ಪಿದ್ದು ಸಿದ್ದಲಿಂಗಮ್ಮನ ಅರವತ್ತು ವರ್ಷದ ನೇಮವೊಂದೇ.