ತೆಂಗಿನ ಮರಕ್ಕೆ ಸುತ್ತಿದ ಹಗ್ಗ

ನನ್ನ ಸೋದರಮಾವನ ತೂಕ ನನ್ನದರ ಎರಡರಷ್ಟಾದರೂ ಇತ್ತು. ಅಂಥವರನ್ನು ನಾನೊಬ್ಬಳೇ ಹಗ್ಗ ಹಿಡಿದು ಬಾವಿಗೆ ಇಳಿಸಿದ್ದೆ ಎಂದರೆ ಈಗಿನ ಮಕ್ಕಳು ಅಜ್ಜಿ ರೈಲು ಬಿಡುತ್ತಾಳೆ ಎಂದು ನಗುತ್ತಾರೆ. ನಗಲಿ. ಅದರಲ್ಲಿ ನನ್ನ ತೋಳಿನ ಬಲ ಏನೂ ಇರಲಿಲ್ಲ. ಇದ್ದದ್ದು ಬಾವಿಕಟ್ಟೆಯ ಪಕ್ಕದ ಒಂದು ತೆಂಗಿನ ಮರ, ಮತ್ತು ಅದಕ್ಕೆ ಹಾಕಿದ ಮೂರು ಸುತ್ತು.

ಆಗ ನಮ್ಮ ಮನೆ ಕೂಳೂರಿನ ಗುಡ್ಡೆಯ ಮೇಲಿತ್ತು. ಮಾವ ಬೆಳಿಗ್ಗೆ ದೋಣಿ ಹತ್ತಿ ಹೊಳೆಯಲ್ಲಿ ಬಂದರಿಗೆ ಹೋಗುತ್ತಿದ್ದರು. ಅಲ್ಲಿ ಮಂಜಿ ಎಂಬ ಸರಕಿನ ಹಡಗುಗಳ ಹೊಟ್ಟೆಯೊಳಗೆ ಮರದ ದಿಮ್ಮಿ ಇಳಿಸುವುದು ಅವರ ಕೆಲಸ. ಒಮ್ಮೆ ನಾನು ನೋಡಲು ಹೋಗಿದ್ದೆ. ಆನೆಯಂಥ ದಿಮ್ಮಿ ಹಗ್ಗದಲ್ಲಿ ನೇತಾಡುತ್ತಿದೆ, ಹಗ್ಗದ ಇನ್ನೊಂದು ತುದಿ ಗೂಟಕ್ಕೆ ಸುತ್ತಿಕೊಂಡು ಮಾವನ ಕೈಯಲ್ಲಿದೆ, ಮಾವ ಎಲೆಯಡಿಕೆ ಅಗಿಯುತ್ತ ಪಕ್ಕದವನ ಹತ್ತಿರ ಪಟ್ಟಾಂಗ ಹೊಡೆಯುತ್ತಿದ್ದಾರೆ! ನನಗೆ ಆಶ್ಚರ್ಯ ತಡೆಯಲಾಗಲಿಲ್ಲ.

"ಅದು ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲವಾ?" ಎಂದೆ.

"ಎಂತಕ್ಕೆ ಎಳೀತದೆ? ಹಿಡಿದದ್ದು ನಾನಲ್ಲ ಮಾರಾಯ್ತಿ, ಗೂಟ" ಎಂದರು.

ಈ ಉತ್ತರ ನನಗೆ ಸಾಲಲಿಲ್ಲ. ಯಾವುದನ್ನೂ ಯಾಕೆ ಎಂದು ಕೇಳದೆ ಬಿಡುವ ಜಾತಿ ನನ್ನದಲ್ಲ. ಮದುವೆಯಾದ ಹೆಂಗಸು ಹೀಗೆ ಹಗ್ಗದ ಹಿಂದೆ ಬಿದ್ದದ್ದು ಅಮ್ಮನಿಗೆ ನಾಚಿಕೆ. ಕಡೆಗೆ ಕಾಟ ತಾಳಲಾರದೆ ಮಾವ ಬಾವಿಯ ಅಡ್ಡಮರದ ಮೇಲಿಂದ ಹಗ್ಗ ಹಾಯಿಸಿ, ಹುಲ್ಲಿನಲ್ಲಿ ಬಿಗಿದ ಒಂದು ಅಕ್ಕಿಮುಡಿ ಕಟ್ಟಿ, ಹಗ್ಗವನ್ನು ತೆಂಗಿನ ಮರಕ್ಕೆ ಸುತ್ತಿ ತುದಿಯನ್ನು ನನ್ನ ಕೈಗೆ ಕೊಟ್ಟರು. ಒಂದು ಸುತ್ತಿನಲ್ಲಿ ಮುಡಿ ನನ್ನನ್ನೇ ಎಳೆಯಿತು. ಎರಡು ಸುತ್ತಿಗೆ ಮುನಿಸಿಕೊಂಡಂತೆ ನಿಂತು ನಿಂತು ಇಳಿಯಿತು. ಮೂರು ಸುತ್ತಿಗೆ ಎರಡೇ ಬೆರಳಲ್ಲಿ ಹಿಡಿದು ನಿಲ್ಲಿಸಿದೆ. ಆ ಸಂತೋಷ ಈಗಲೂ ನೆನಪುಂಟು. ಆಮೇಲೆ ಕೆಲವು ದಿನ ಮನೆಯ ಕಂಬಗಳಿಗೆಲ್ಲ ಹಗ್ಗ ಸುತ್ತಿ ಕರುವಿನಿಂದ ಎಳೆಸಿ ನೋಡಿದೆ. ಪಾಪದ ಪ್ರಾಣಿ ನನ್ನನ್ನು ಕಂಡರೆ ಕೊಟ್ಟಿಗೆಯ ಮೂಲೆ ಸೇರುತ್ತಿತ್ತು.

ಮಾವ ಹೇಳಿಕೊಟ್ಟದ್ದು ಸ್ವಲ್ಪವೇ. ಹಗ್ಗದ ಬಾಲವನ್ನು, ಅಂದರೆ ಕೈಯಲ್ಲಿರುವ ತುದಿಯನ್ನು, ಪ್ರಾಣ ಹೋದರೂ ಬಿಡಬಾರದು. ಹಗ್ಗದಲ್ಲಿರುವವನ ಮಾತೊಂದೇ ಕೇಳಬೇಕು: ಬುಡು ಎಂದರೆ ಬಿಡು, ಉಂತ್ ಎಂದರೆ ನಿಲ್ಲಿಸು. "ಮತ್ತೆ, ಮರಕ್ಕೆ ಉಜ್ಜಿ ಹಗ್ಗ ಕೂಗ್ತದೆ. ಕೂಗಿದರೆ ಮರ ಹಿಡಿದುಂಟು ಅಂತ ಲೆಕ್ಕ. ಸುಮ್ಮನಾದರೆ ಹೆದರು" ಎಂದಿದ್ದರು.

ಅಮ್ಮನಿಗಾದರೋ ಯಾವ ಕಿರುಗುಟ್ಟುವ ಸದ್ದೂ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ತೆಂಗಿನ ಚಿಪ್ಪಿನ ಗೆರಟೆಯಲ್ಲಿ ಎಣ್ಣೆ, ಒಂದು ಕೋಳಿಗರಿ ಹಿಡಿದು ಬಾವಿಯ ರಾಟೆಯಿಂದ ಶುರು ಮಾಡಿದರೆ ಬಾಗಿಲು, ತೊಟ್ಟಿಲು, ಕಿಟಕಿ ಎಲ್ಲದಕ್ಕೂ ಎಣ್ಣೆಯ ಉಪಚಾರ. "ನಾನು ಗೊರಕೆ ಹೊಡೆದರೆ ಮೂಗಿಗೂ ಹಾಕ್ತಾಳೆ ಇವಳು" ಎಂದು ಮಾವ ತಂಗಿಯನ್ನು ಗೇಲಿ ಮಾಡುತ್ತಿದ್ದರು.

ನಮ್ಮಲ್ಲಿ ಹೆಣ್ಣುಮಕ್ಕಳು ತಾಯಿಮನೆಯಲ್ಲೇ ಇರುವುದು ರೂಢಿ. ನನ್ನ ಗಂಡ ತೊಕ್ಕೊಟ್ಟಿನ ಕಡೆಯವರು. ಬಿಡುವಾದಾಗ ಬಂದು ಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಹೆಂಡತಿಯ ಮನೆಯಲ್ಲಿ ತನ್ನ ಕೈಲಾಗದ ಕೆಲಸ ಯಾವುದೂ ಇಲ್ಲ ಎಂದು ತೋರಿಸುವ ಚಪಲ. ಒಂದು ಬೇಸಗೆಯಲ್ಲಿ ಅಮ್ಮನ ಹಿತ್ತಾಳೆಯ ಕೊಡಪಾನ ಹಗ್ಗ ಕಡಿದು ಬಾವಿಗೆ ಬಿತ್ತು. ಪಾತಾಳಗರಡಿ ತಂದು ಎತ್ತುವ ಎಂದು ಮಾವ ಹೇಳುತ್ತಿರುವಾಗಲೇ ಇವರು ಮುಂಡು ಎತ್ತಿ ಕಟ್ಟಿ, ಮುರಕಲ್ಲಿನ ಗೋಡೆಯಲ್ಲಿ ಕೊರೆದ ಕಾಲುಗುಳಿಗಳಲ್ಲಿ ಕಾಲಿಟ್ಟು ಇಳಿದೇಬಿಟ್ಟರು. ಅರ್ಧ ದಾರಿಯಲ್ಲಿ ಗುಳಿಯ ಅಂಚು ಒಡೆಯಿತು. ಕಲ್ಲುಗಳೂ ಅವರೂ ಒಟ್ಟಿಗೆ ಬಿದ್ದ ಸದ್ದಿಗೆ ನಾನು ಓಡಿದೆ.

ಕೆಳಗೆ ಎದೆಮಟ್ಟದ ನೀರು. ಅವರು ಒಂದು ಕಾಲಲ್ಲಿ ನಿಂತು ಗೋಡೆ ತಬ್ಬಿಕೊಂಡಿದ್ದರು. ಇನ್ನೊಂದು ಕಾಲು ಮುರಿದಿತ್ತು. "ಕೈ ಸೋಲ್ತಾ ಉಂಟು" ಎಂದರು, ಅವರದಲ್ಲವೇನೋ ಎಂಬಷ್ಟು ಸಣ್ಣ ಧ್ವನಿಯಲ್ಲಿ. ನನಗೆ ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ಭಯ. ಕೈ ಜಾರಿದರೆ ಮುಳುಗುತ್ತಾರೆ.

ನೆರೆಕರೆಯ ಗಂಡಸರು ಸೇರಿದರು. ಎಳೆಯಲು ಎಲ್ಲರೂ ತಯಾರು. ಆದರೆ ಕೆಳಗೆ ಹೋಗಿ ಕಾಲು ಮುರಿದವರನ್ನು ಬಿಗಿಯಾಗದ, ಜಾರದ ಗಂಟಿನಲ್ಲಿ ಕೂರಿಸಲು ಬರುತ್ತಿದ್ದದ್ದು ಮಾವನಿಗೆ ಮಾತ್ರ. ಮಾವ ಇಳಿದರೆ ಹಗ್ಗವನ್ನು ಮರಕ್ಕೆ ಸುತ್ತಿ ಅವರನ್ನು ಇಳಿಸಲು ಬರುತ್ತಿದ್ದದ್ದು ನನಗೆ ಮಾತ್ರ.

"ಅಕ್ಕಿಮುಡಿ ಅಂತ ತಿಳ್ಕೊ" ಎಂದರು ಮಾವ. ಬಂದರಿನಿಂದ ತಂದಿದ್ದ ಹೊಸ ನಾರಿನ ಹಗ್ಗದಲ್ಲಿ ತೊಡೆಗಳಿಗೆ ಕುಣಿಕೆ ಹಾಕಿಕೊಂಡು, ನಾನು ಮರಕ್ಕೆ ಹಾಕಿದ ಮೂರು ಸುತ್ತನ್ನು ತಾವೇ ಎಳೆದು ನೋಡಿ, ಸೇರಿದವರ ಕಡೆ ತಿರುಗಿ, "ಬಾಯಿ ಯಾರೂ ತೆರೀಬೇಡಿ. ಹಗ್ಗ ಯಾರೂ ಮುಟ್ಟಬೇಡಿ" ಎಂದು ಕಟ್ಟೆ ದಾಟಿದರು.

"ಬುಡು."

ಬಿಟ್ಟೆ. ಹಗ್ಗ ಮರಕ್ಕೆ ಉಜ್ಜಿ ಕಿರ್ರೋ ಎಂದು ಕೂಗುತ್ತ ಇಳಿಯಿತು. ಜನರೆಲ್ಲ ಉಸಿರು ಹಿಡಿದು ನಿಂತಿದ್ದರಿಂದ ಅದೊಂದೇ ಸದ್ದು. ಮಾವನ ತಲೆ ಕಟ್ಟೆಯಿಂದ ಕೆಳಗೆ ಮರೆಯಾಯಿತು. ನನ್ನ ಕಣ್ಣು ಬಾವಿಯ ಮೇಲೆ, ಕಿವಿ ಹಗ್ಗದ ಮೇಲೆ.

ಇದ್ದಕ್ಕಿದ್ದಂತೆ ಕೂಗು ನಿಂತಿತು. ಹಗ್ಗ ಮಾತ್ರ ನಿಲ್ಲಲಿಲ್ಲ. ನನ್ನ ಅಂಗೈಯೊಳಗಿಂದ ಸರಸರ ಓಡತೊಡಗಿತು. ತಿರುಗಿ ನೋಡಿದರೆ ಅಮ್ಮ, ಕೈಯಲ್ಲಿ ಗೆರಟೆ! ಹಗ್ಗಕ್ಕೆ ಕಷ್ಟವಾಗುತ್ತಿದೆ ಎಂದು ಮರಕ್ಕೆ ಎಣ್ಣೆ ಹೊಯ್ದಿದ್ದರು.

ಬಾವಿಯೊಳಗಿಂದ "ಉಂತ್! ಉಂತ್!" ಎಂದು ಮಾವನ ಬೊಬ್ಬೆ. ಅವರು ಬಿದ್ದರೆ ಬೀಳುವುದು ನನ್ನ ಗಂಡನ ಮೇಲೆಯೇ. ಎರಡೂ ಕೈಯಲ್ಲಿ ಹಿಡಿದರೂ ಹಗ್ಗ ಕೇಳಲಿಲ್ಲ, ಚರ್ಮ ಸುಲಿಯಿತು. ಆ ಗಳಿಗೆಯಲ್ಲೂ ನನ್ನ ಹಾಳು ಕುತೂಹಲ ಸುಮ್ಮನಿರಲಿಲ್ಲ. ಎಣ್ಣೆಯಾದದ್ದು ಸುತ್ತಿದ ಕಡೆ ಮಾತ್ರ, ನನ್ನ ಕೈಯ ಹಗ್ಗ ಒಣಗಿಯೇ ಇದೆ, ಸುತ್ತಿಗಿಂತ ಮೇಲೆ ಮರಕ್ಕೂ ಎಣ್ಣೆ ತಾಗಿಲ್ಲ ಎಂಬುದು ಕಣ್ಣಿಗೆ ಬಿತ್ತು. ಬಾಲ ಹಿಡಿದುಕೊಂಡೇ ಮರದ ಸುತ್ತ ಓಡಿದೆ. ಅಡ್ಡ ನಿಂತಿದ್ದ ಅಮ್ಮನನ್ನು ಹೆಗಲಲ್ಲಿ ತಳ್ಳಿದೆ. ಅವರು ಅಂಗಳಕ್ಕೆ ಬಿದ್ದರು. ಮೊದಲಿನ ಸುತ್ತುಗಳಿಗಿಂತ ಮೇಲೆ ಒಂದು ಹೊಸ ಸುತ್ತು ಬಿತ್ತು. ಹಗ್ಗ ಒಮ್ಮೆ ಗಟ್ಟಿಯಾಗಿ ಕೂಗಿ ನಿಂತಿತು.

"ಎಂತ ಆಯ್ತು ಮೇಲೆ?" ಮಾವ ಕೇಳಿದರು. ಅವರ ಪಾದ ನನ್ನ ಗಂಡನ ತಲೆಗೆ ತಾಗುವಷ್ಟು ಹತ್ತಿರ ನಿಂತಿತ್ತಂತೆ.

"ಎಂತ ಇಲ್ಲ. ಒಂದು ಸುತ್ತು ಹೆಚ್ಚು ಹಾಕಿದೆ" ಎಂದೆ.

ಮೊದಲು ನನ್ನ ಗಂಡ ಮೇಲೆ ಬಂದರು. ಗಂಡಸರು ಎಳೆದಷ್ಟನ್ನೂ ನಾನು ಮರದ ಹಿಂದಿನಿಂದ ಬಿಗಿಮಾಡುತ್ತ ಹೋದೆ, ಅವರ ಕೈ ಸೋತರೂ ಜಾರದ ಹಾಗೆ. ಕಡೆಗೆ ಮಾವ ಬಂದರು, ಕಂಕುಳಲ್ಲಿ ಕೊಡಪಾನ! ಹಗ್ಗವನ್ನು ಮೂಸಿ ನೋಡಿದರು. ತಂಗಿಯ ಮುಖ ನೋಡಿದರು. ಕುಡಿಯಲು ನೀರು ಕೇಳಿದರು.

ಸಂಜೆ ಅಮ್ಮ ನನ್ನ ಅಂಗೈಗೆ ಬೆಣ್ಣೆ ಹಚ್ಚುತ್ತ, "ಅದು ಅಷ್ಟು ಕೂಗ್ತಿತ್ತಲ್ಲ, ಮತ್ತೆ ಯಾಕೆ ಎಣ್ಣೆ ಹಾಕಬಾರದು?" ಎಂದು ಕೇಳಿದರು. ಕೂಗುವುದು ಮರ ಹಿಡಿದದ್ದಕ್ಕೆ ಎಂದು ಹೇಳಿದೆ. ಅವರು ಹಚ್ಚುವುದನ್ನು ನಿಲ್ಲಿಸಿ ನನ್ನ ಕೈಯನ್ನು ಹಾಗೆಯೇ ಹಿಡಿದುಕೊಂಡು ಅತ್ತರು. ಅಮ್ಮ ಅತ್ತದ್ದನ್ನು ನಾನು ಹೆಚ್ಚು ಕಂಡವಳಲ್ಲ.

ನನ್ನ ಗಂಡನ ಕಾಲು ಕೂಡಿಕೊಂಡಿತು; ಸ್ವಲ್ಪ ಕುಂಟು ಉಳಿಯಿತು, ಚಪಲ ಅಷ್ಟೂ ಉಳಿಯಿತು. ಕೆಲವು ದಿನ ಕಳೆದು ಬಾವಿಯ ರಾಟೆ ಕಿರುಗುಟ್ಟತೊಡಗಿದಾಗ ನಾನೇ ಗೆರಟೆ, ಕೋಳಿಗರಿ ತೆಗೆದುಕೊಂಡು ಹೋದೆ. ಅಮ್ಮ ಹಿಂದಿನಿಂದ ಬಂದು ಕಸಿದುಕೊಂಡರು.

"ಬೇಡ. ಕೂಗಲಿ ಅದು" ಎಂದರು. "ಸುಮ್ಮನಿದ್ದರೆ ನನಗೆ ಹೆದರಿಕೆ ಆಗ್ತದೆ."

ಅವರು ಇದ್ದಷ್ಟು ಕಾಲ ನಮ್ಮ ರಾಟೆ ಬೆಳಗಾಗುವ ಮೊದಲೇ ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಬಾವಿಯ ಬದಿಯ ಕೋಣೆಯಲ್ಲಿ ಮಲಗುತ್ತಿದ್ದ ಮಾವ ಒಂದು ದಿನವೂ ಅದಕ್ಕೆ ಎಣ್ಣೆ ಹಾಕು ಎನ್ನಲಿಲ್ಲ.