ಕೋಲಮ್ಮನ ಖಾಸಗಿ ಕಾಗದಪತ್ರಗಳು

ಪತ್ರಾಗಾರದಿಂದ ಬಂದ ಹೆಂಗಸು ಕುರ್ಚಿಯ ಅಂಚಿನಲ್ಲಿ ಕೂತು, ತಾನು ಬಂದ ಕೆಲಸ ಹೇಳಿದಳು. ಈ ಸೀಮೆಯ ಬ್ಯಾಲೆಗೆ ಅಷ್ಟು ದೊಡ್ಡ ಸೇವೆ ಮಾಡಿದ ನೃತ್ಯ ಸಂಯೋಜಕಿಯ ವೃತ್ತಿಯ ದಾಖಲೆಗಳು, ಖಾಸಗಿ ಕಾಗದಪತ್ರಗಳು, ದಿನಚರಿಗಳು ಏನಿದ್ದರೂ ತಮ್ಮ ಸಂಗ್ರಹಕ್ಕೆ ಬೇಕು. ಮುಂದಿನವರು ಓದಬೇಕಲ್ಲ.

ಕೋಲಮ್ಮ ಗಂಭೀರವಾಗಿ ತಲೆಯಾಡಿಸಿದಳು. "ತುಂಬಾ ಇದೆ. ಜೋಡಿಸೋಕೆ ಸ್ವಲ್ಪ ಟೈಮು ಬೇಕು."

ಪಕ್ಕದಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ತಂಗಿ ಸೂಜಿ ನಿಲ್ಲಿಸಿ ಅಕ್ಕನ ಮುಖ ನೋಡಿದಳು. ಆ ಮನೆಯಲ್ಲಿದ್ದ ಖಾಸಗಿ ಕಾಗದವೆಂದರೆ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ಮತ್ತು ಅರ್ಧ ಹರಿದ ಒಂದು ಪತ್ರಿಕಾ ವಿಮರ್ಶೆ. ಕೋಲಮ್ಮ ಜೀವಮಾನದಲ್ಲಿ ಏನನ್ನೂ ಬರೆದಿಟ್ಟವಳಲ್ಲ. ಹೆಜ್ಜೆಗಳೆಲ್ಲ ಅವಳ ತಲೆಯಲ್ಲಿದ್ದವು. ಮರೆತಾಗ ಹೊಸದು ಹಾಕಿ, ಮೊದಲಿನಿಂದಲೂ ಹೀಗೇ ಇತ್ತು ಎಂದು ಸಾಧಿಸುತ್ತಿದ್ದಳು.

ಕೋಲಮ್ಮ ಎಂಬುದು ಶಿಷ್ಯರು ಕೊಟ್ಟ ಹೆಸರು. ತಾಳಕ್ಕೆ ನೆಲ ಕುಟ್ಟಲು ಅವಳ ಕೈಯಲ್ಲಿ ಸದಾ ಒಂದು ಕೋಲಿರುತ್ತಿತ್ತು. ಹೆಸರು ಆಕಾರಕ್ಕೂ ಒಪ್ಪುತ್ತಿತ್ತು. ಅಪ್ಪ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದ. ಬಟ್ಟೆಯ ಗಂಟು ಮನೆಮನೆಗೆ ತಲುಪಿಸುವ ಕೆಲಸ ದೊಡ್ಡ ಮಗಳದು. ಒಮ್ಮೆ ರೈಲು ನಿಲ್ದಾಣದ ಹಿಂದಿನ ಸಭಾಂಗಣಕ್ಕೆ ಗಂಟು ಕೊಡಲು ಹೋದವಳು, ಅಲ್ಲಿ ಮುದಿ ನರ್ತಕಿಯೊಬ್ಬಳು ಹುಡುಗಿಯರನ್ನು ಕಾಲಬೆರಳ ತುದಿಯ ಮೇಲೆ ನಿಲ್ಲಿಸಿ ಗೋಳು ಹೊಯ್ದುಕೊಳ್ಳುವುದನ್ನು ನೋಡುತ್ತ ಬಾಗಿಲಲ್ಲೇ ನಿಂತುಬಿಟ್ಟಳು.

"ಗಾಳಿ ಬರುತ್ತೆ, ಬಾಗಿಲು ಹಾಕು," ಎಂದಳು ಮುದುಕಿ. "ಒಳಗಿರ್ತೀಯೋ ಹೊರಗಿರ್ತೀಯೋ, ಒಂದು ಕಡೆ ಇರು."

ಹುಡುಗಿ ಒಳಗೆ ಬಂದು ಬಾಗಿಲು ಹಾಕಿದಳು. ಆ ದಿನ ಉಳಿದ ಗಂಟುಗಳು ಯಾರ ಮನೆಗೂ ತಲುಪಲಿಲ್ಲ. ಅಪ್ಪನಿಂದ ಸಿಗಬೇಕಾದ್ದು ಸಂಜೆ ಸರಿಯಾಗಿಯೇ ಸಿಕ್ಕಿತು. ಮರುದಿನ ಮತ್ತೆ ಹೋದಳು.

ವಯಸ್ಸಿಗೆ ಬಂದ ಮೇಲೆ ರಾಜಧಾನಿಯ ದೊಡ್ಡ ತಂಡದಲ್ಲಿ ಕೆಲಸ ಸಿಕ್ಕಿತು. ಆದರೆ ಕಾಲು ಬೆಳೆಯುವುದನ್ನು ನಿಲ್ಲಿಸಲಿಲ್ಲ. ರಾಜಕುಮಾರನ ವೇಷ ಹಾಕುವವನು ಅವಳ ಕಿವಿಯ ಮಟ್ಟಕ್ಕೆ ಬರುತ್ತಿದ್ದ. ಅಂಥವಳನ್ನು ಎತ್ತಿ ತಿರುಗಿಸುವವರು ಯಾರು? ಹಿಂದಿನ ಸಾಲಿಗೆ ತಳ್ಳಿದರು. ಒಂದು ಕಥೆಯಲ್ಲಿ ಮರ, ಇನ್ನೊಂದರಲ್ಲಿ ದೆವ್ವ, ಮೂರನೆಯದರಲ್ಲಿ ಮತ್ತೆ ಮರ. ವರ್ಷಗಟ್ಟಲೆ ಮರವಾಗಿ ನಿಂತವಳಿಗೆ ಮುಂದೆ ಕುಣಿಯುವವರ ತಪ್ಪುಗಳೆಲ್ಲ ಕಣ್ಣಿಗೆ ಹೊಡೆಯತೊಡಗಿದವು. ಒಮ್ಮೆ ತಾಲೀಮಿನ ನಡುವೆ ತಡೆಯಲಾರದೆ, "ಆ ಸುತ್ತು ಎಡಗಡೆ ಬರಬೇಕು ಸಾರ್, ಇಲ್ಲದಿದ್ರೆ ಆಕೆ ಪರದೆಗೆ ಸಿಕ್ಕಿಹಾಕ್ಕೋತಾಳೆ," ಎಂದಳು.

"ಮರ ಮಾತಾಡಬಾರದು," ಎಂದ ನಿರ್ದೇಶಕ.

ನಾಯಕಿ ಬಲಕ್ಕೇ ಸುತ್ತಿ ಪರದೆಗೆ ಸಿಕ್ಕಿಹಾಕಿಕೊಂಡಳು. ಮರ ಗಟ್ಟಿಯಾಗಿ ನಕ್ಕಿತು. ವಾರ ಕಳೆಯುವುದರಲ್ಲಿ ಮರ ಊರಿಗೆ ವಾಪಸ್ಸು ಬಂತು.

ಅಪ್ಪನ ಅಂಗಡಿಯ ಮಹಡಿ ಖಾಲಿಯಿತ್ತು. ಅಲ್ಲಿ ತನ್ನದೇ ತಂಡ ಕಟ್ಟುತ್ತೇನೆಂದಳು. ಕೆಳಗಿನ ಹಬೆ ಹಲಗೆಗಳ ಸಂದಿಯಿಂದ ಮೇಲೆ ಬಂದು ಚಳಿಗಾಲದಲ್ಲಿ ಕೋಣೆಯನ್ನು ಪುಕ್ಕಟೆ ಬೆಚ್ಚಗಿಡುತ್ತಿತ್ತು. ಬೇಸಿಗೆಯಲ್ಲಿ ಕುಣಿಯುವವರನ್ನೂ ಬೇಯಿಸುತ್ತಿತ್ತು. ಬೇಕರಿಯ ಹುಡುಗಿಯರು, ಒಬ್ಬ ಡ್ರಿಲ್ ಮಾಸ್ತರ, ಊರಿನ ಅಂಚೆಯವನು, ಕಾಲೇಜು ಬಿಟ್ಟವರು ಹೀಗೆ ಸಿಕ್ಕಸಿಕ್ಕವರೆಲ್ಲ ಸೇರಿದರು. ಇಷ್ಟು ಜನ ಮೇಲೆ ಹಾರಿ ಬಿದ್ದರೆ ಕೆಳಗಿನ ಇಸ್ತ್ರಿಯ ಗೆರೆ ಸೊಟ್ಟಗಾಗುತ್ತದೆಂದು ಅಪ್ಪ ಗೊಣಗಿದ. ಆದರೂ ಮೊದಲ ಪ್ರದರ್ಶನದ ಬಟ್ಟೆಗಳನ್ನೆಲ್ಲ ತಾನೇ ಒಗೆದುಕೊಟ್ಟ.

ತಾಲೀಮಿಗೆ ಗೋಡೆಯಗಲದ ಕನ್ನಡಿ ಬೇಕಿತ್ತು. ತಂದವನು ಮನೆಸಾಮಾನು ಸಾಗಿಸುವ ಒಬ್ಬ ಭಾರಿ ಎತ್ತರದ ಗಂಡಸು. ಇಬ್ಬರು ಹೊರಬೇಕಾದ ಕನ್ನಡಿಯನ್ನು ಒಬ್ಬನೇ ಮೆಟ್ಟಿಲು ಹತ್ತಿಸಿ, ಉಸಿರು ಕೂಡ ಏರಿಸದೆ, "ಎಲ್ಲಿಡಲಿ?" ಎಂದ.

"ಅದನ್ನ ಗೋಡೆಗೆ ಒರಗಿಸು," ಎಂದಳು ಕೋಲಮ್ಮ. "ಈಗ ನನ್ನನ್ನ ಎತ್ತು."

ಅವನು ಕೈ ಒರೆಸಿಕೊಂಡು ಎತ್ತಿದ. ಕೋಲಮ್ಮನನ್ನು ಅಪ್ಪನ ಹೆಗಲ ಮೇಲೆ ಕೂರುತ್ತಿದ್ದ ಕಾಲದಿಂದೀಚೆಗೆ ಯಾರೂ ನೆಲದಿಂದ ಎತ್ತಿರಲಿಲ್ಲ. ಮೇಲಿನಿಂದ ಅವಳಿಗೆ ಮೊದಲು ಕಂಡದ್ದು ತೊಲೆಯ ಮೇಲಿನ ಜೇಡರ ಬಲೆ. "ಇಳಿಸಬೇಡ, ಹಾಗೇ ನಡಿ," ಎಂದಳು. ಅಂದಿನಿಂದ ಊರವರು ಅವನನ್ನು ಲಿಫ್ಟ್ ಎಂದೇ ಕರೆದರು. ಅದೇ ವರ್ಷ ಅವರಿಬ್ಬರ ಮದುವೆಯಾಯಿತು.

ಅವನ ಭುಜವನ್ನು ನಂಬಿ ಕೋಲಮ್ಮ 'ಹಗ್ಗ' ಎಂಬ ಬ್ಯಾಲೆ ಕಟ್ಟಿದಳು. ಹಗ್ಗದ ಮೇಲೆ ಒಣಗಲು ಹಾಕಿದ ಬಟ್ಟೆಗಳ ಕಥೆ. ಅಂಗಿಗಳು ಜಗಳವಾಡುತ್ತವೆ, ಕಾಲುಚೀಲಗಳು ಜೋಡಿ ಹುಡುಕುತ್ತವೆ. ಕೊನೆಗೆ ಗಾಳಿ ಬಂದು ಒಂದು ಉದ್ದನೆಯ ಬಿಳಿ ಚಾದರವನ್ನು ತಲೆಯ ಮೇಲೆ ಎತ್ತಿ ರಂಗದ ಆಚೆಗೆ ಹೊತ್ತೊಯ್ಯುತ್ತದೆ. ಚಾದರ ಕೋಲಮ್ಮ, ಗಾಳಿ ಲಿಫ್ಟ್. ಸುತ್ತಲಿನ ಊರುಗಳಲ್ಲಿ ಜನ ಮುಗಿಬಿದ್ದು ನೋಡಿದರು. ರಾಜಧಾನಿಯ ವಿಮರ್ಶಕನೊಬ್ಬ ಮಾತ್ರ, ಇಡೀ ಪ್ರದರ್ಶನ ಒದ್ದೆ ಬಟ್ಟೆಯಷ್ಟೇ ಹುರುಪಿನದು, ಆದರೆ ಕೊನೆಯಲ್ಲಿ ಆ ಹೆಂಗಸು ಗಾಳಿಯಲ್ಲಿ ಸಾಗಿದ ಗಳಿಗೆಯನ್ನು ತಾನು ಮರೆಯಲಾರೆ ಎಂದು ಬರೆದ. ಕೋಲಮ್ಮ ಮೊದಲರ್ಧವನ್ನು ಹರಿದು ಒಲೆಗೆ ಹಾಕಿ ಉಳಿದರ್ಧವನ್ನು ಕಟ್ಟು ಹಾಕಿಸಿದಳು.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ, ತಾಲೀಮಿನಲ್ಲಿ ಎಲ್ಲರೆದುರೇ, ಇನ್ನು ಮುಂದೆ ಗಾಳಿಯ ಪಾತ್ರ ಅಂಚೆಯವನದು ಎಂದಳು. ಕಾರಣ ಹೇಳಲಿಲ್ಲ. ಲಿಫ್ಟ್ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಸಂಜೆಯೊಳಗೆ ಬಂದು ಜಗಳ ತೆಗೆಯುತ್ತಾನೆಂದು ಕೋಲಮ್ಮ ಕಾದಳು. ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೆ ಅವಳಿಗೇ ಸಿಟ್ಟು ಬಂತು. ಇಬ್ಬರದೂ ಒಂದೇ ಹಟ, ಹಾಗಾಗಿ ಮದುವೆ ಮುರಿಯಿತು. ಅವನು ಸಾಮಾನು ಸಾಗಿಸುವ ಲಾರಿಗೆ ಡ್ರೈವರನಾದ. ಅಂಚೆಯವನಿಗೆ ಅವಳನ್ನು ಎತ್ತುವುದು ಹರಿಯಲಿಲ್ಲವಾದ್ದರಿಂದ, ಅಲ್ಲಿಂದಾಚೆಗೆ 'ಹಗ್ಗ'ದ ಗಾಳಿ ಚಾದರದ ಕೈಹಿಡಿದು ಅತ್ತೆಯನ್ನು ರಸ್ತೆ ದಾಟಿಸುವ ಹಾಗೆ ನಡೆಸಿಕೊಂಡು ಹೋಗುತ್ತಿತ್ತು. ಜನ ಕಡಿಮೆಯಾದರು. ಮಂಡಿಗಳು ಸವೆದವು. ತಂಡ ಸದ್ದಿಲ್ಲದೆ ಮುಚ್ಚಿತು. ಕೋಲಮ್ಮ ಮಕ್ಕಳಿಗೆ ಪಾಠ ಹೇಳಿಕೊಂಡು, ಅಂಗಡಿ ನಡೆಸುವ ತಂಗಿಯ ಜೊತೆ ಮುದುಕಿಯಾದಳು.

ಈಗ ಪತ್ರಾಗಾರ ಕಾಗದ ಕೇಳುತ್ತಿತ್ತು.

"ಇಲ್ಲ ಅಂತ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು ತಂಗಿ.

"ಏನೂ ಇಲ್ಲ ಅಂದ್ರೆ ಏನೂ ಮಾಡಿಲ್ಲ ಅಂದ್ಕೋತಾರೆ. ಹೋಗಿ ಹಳೇ ನೋಟ್‌ಬುಕ್ಕು ಇದ್ರೆ ತಗೊಂಬಾ."

ಆ ಚಳಿಗಾಲದ ಮಧ್ಯಾಹ್ನಗಳೆಲ್ಲ ಅಡುಗೆಮನೆಯ ಮೇಜಿನ ಮೇಲೆ ಕೋಲಮ್ಮನ ಗತಜೀವನ ತಯಾರಾಯಿತು. ಅವಳು ಬರೆದಳು, ತಂಗಿ ಹಾಳೆಗಳನ್ನು ಚಹಾದ ನೀರಿನಲ್ಲಿ ಅದ್ದಿ, ಹಗ್ಗದ ಮೇಲೆ ಒಣಗಿಸಿ, ಇಸ್ತ್ರಿ ಹೊಡೆದು ಹಳತು ಮಾಡಿದಳು. 'ಇಂದು ವಿಮರ್ಶಕರೊಬ್ಬರು ಬಿಕ್ಕಿ ಬಿಕ್ಕಿ ಅತ್ತರು. ನನ್ನ ಕರವಸ್ತ್ರ ಕೊಟ್ಟೆ.' 'ಇಂದು ನಿರ್ದೇಶಕರು ಕ್ಷಮೆ ಕೇಳಿದರು. ಕ್ಷಮಿಸಿದೆ.'

"ಅಕ್ಕ, ಈ ತಿಂಗಳು ನೀನು ಪ್ರವಾಸ ಹೋಗಿರ್ಲಿಲ್ಲ. ಕಾಮಾಲೆ ಬಂದು ಮಲಗಿದ್ದೆ."

"ಕಾಮಾಲೆ ಓದೋಕೆ ಯಾರು ಬರ್ತಾರೆ? ನೀನು ಇಸ್ತ್ರಿ ಹೊಡಿ."

ಪತ್ರಾಗಾರದಾಕೆ ಪೆಟ್ಟಿಗೆಗಳನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದಳು. ಪತ್ರಿಕೆಯಲ್ಲಿ ಸುದ್ದಿ ಬಂತು. ದಿನಚರಿಗಳನ್ನು ಯಾರು ಬೇಕಾದರೂ ಬಂದು ಓದಬಹುದೆಂದಿತ್ತು. ಮೊದಲು ಬಂದು ಓದಿದವನು ಲಿಫ್ಟ್. ಒಂದು ವಾರ ಬಿಡದೆ ಹೋಗಿ, ಬೆರಳಿಟ್ಟು ಸಾಲು ಸಾಲಾಗಿ ಓದಿದ. ಆಮೇಲೆ ಪತ್ರಾಗಾರದಾಕೆಯನ್ನೂ ಕರೆದುಕೊಂಡು ನೇರವಾಗಿ ಕೋಲಮ್ಮನ ಮನೆಗೆ ಬಂದ. ಅಷ್ಟು ವರ್ಷಗಳಲ್ಲಿ ಅವನು ಆ ಹೊಸ್ತಿಲು ತುಳಿದಿರಲಿಲ್ಲ. ಕೂದಲು ಹೋಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಆದರೂ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಾಯಿತು.

"ನಾನು ನಿನ್ನ ಕಾಲಿಗೆ ಬಿದ್ದು ಅತ್ತೆ ಅಂತ ಬರೆದಿದ್ದೀಯಲ್ಲ," ಎಂದ, ಕೂರುವ ಮೊದಲೇ. "ನಾನು ಯಾವಾಗ ಅತ್ತೆ?"

"ದಿನಚರಿಯಲ್ಲಿ ಇದೆ."

"ದಿನಚರಿಯಲ್ಲಿ ನಮ್ಮ ಬಸ್ಸು ಮೇಲ್ಸೇತುವೆ ಕೆಳಗೆ ಕೆಟ್ಟು ನಿಂತಿತು ಅಂತಾನೂ ಇದೆ. ಆ ಸೇತುವೆ ಕಟ್ಟೋ ಹೊತ್ತಿಗೆ ನನ್ನ ತಲೇಲಿ ಒಂದು ಕೂದಲೂ ಇರ್ಲಿಲ್ಲ ಕಣೇ."

ಪತ್ರಾಗಾರದಾಕೆ ನಿಧಾನವಾಗಿ, "ಮೇಡಂ, ಈ ದಿನಚರಿ ಯಾವಾಗ ಬರೆದದ್ದು?" ಎಂದು ಕೇಳಿದಳು.

"ಹೋದ ವರ್ಷ," ಎಂದಳು ಕೋಲಮ್ಮ. "ಮಧ್ಯಾಹ್ನದ ಹೊತ್ತು."

"ಇಸ್ತ್ರಿ ನಂದು," ಎಂದಳು ತಂಗಿ.

ಪತ್ರಾಗಾರದಾಕೆ ಅಕ್ಕನ ಮುಖವನ್ನೊಮ್ಮೆ, ತಂಗಿಯ ಮುಖವನ್ನೊಮ್ಮೆ ನೋಡಿದಳು. ಕೋಲಮ್ಮ ಮಾತ್ರ ಕೊಂಚವೂ ಅಳುಕದೆ, "ಆಗ ಬರೆಯೋಕೆ ಪುರುಸೊತ್ತಿರ್ಲಿಲ್ಲ. ಪುರುಸೊತ್ತಿದ್ದಿದ್ರೆ ಇದನ್ನೇ ಬರೀತಿದ್ದೆ," ಎಂದಳು.

ಲಿಫ್ಟ್‌ಗೆ ಸೇತುವೆಯ ಚಿಂತೆಯಿರಲಿಲ್ಲ. "ನಾನು ದಪ್ಪಗಾದೆ, ಅದಕ್ಕೆ ಪಾತ್ರದಿಂದ ತೆಗೆದೆ ಅಂತ ಬರೆದಿದ್ದೀಯ. ಇಷ್ಟು ವರ್ಷ ನಾನು ಬೇರೆ ಏನೇನೋ ಅಂದ್ಕೊಂಡಿದ್ದೆ. ಅಂಚೆಯವನ ಮೇಲೆ ನಿನಗೆ ಮನಸ್ಸಿತ್ತು ಅಂತ."

"ಅಂಚೆಯವನ ಮೇಲಾ?" ಎಂದಳು ಕೋಲಮ್ಮ. ಅವಳಿಗೆ ನಿಜಕ್ಕೂ ಅವಮಾನವಾಗಿತ್ತು.

ತಂಗಿಗೆ ತಡೆಯಲಾಗಲಿಲ್ಲ. "ಭಾವ, ನಿಮ್ಮ ಸೊಂಟದ ಎಕ್ಸ್‌ರೇ ತೆಗೆದ್ರಲ್ಲ, ಆಗ ಮೂಳೆ ಡಾಕ್ಟರು ಅಕ್ಕನ್ನ ಕರೆದು ಹೇಳಿದ್ರು. ಇನ್ನು ಎತ್ತೋದು ಮುಂದುವರಿಸಿದ್ರೆ ಇವರು ನಡೆಯೋದೇ ಕಷ್ಟ ಅಂತ. ನೀವು ಅವರಿಗೆ, ಹೆಂಡತಿಗೆ ಹೇಳಬೇಡಿ ಅಂದಿದ್ರಂತೆ."

"ನೀನು ಬಾಯಿ ಮುಚ್ಚು," ಎಂದಳು ಕೋಲಮ್ಮ. ಆದರೆ ಹೊತ್ತು ಮೀರಿತ್ತು.

ಲಿಫ್ಟ್ ಆಗ ಕುರ್ಚಿ ಎಳೆದುಕೊಂಡು ಕೂತ. "ನಿನಗೆ ಗೊತ್ತು ಅಂತ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ? ಡಾಕ್ಟರಿಗೇನು ಗೊತ್ತು ಅಂತ ಎಲ್ಲರ ಮುಂದೆ ಎತ್ತಿ ತೋರಿಸ್ತಿದ್ದೆ."

ಅವನು ಯೋಚಿಸಿದ. "ತೋರಿಸ್ತಿದ್ದೆ," ಎಂದು ಒಪ್ಪಿಕೊಂಡ. "ಹಾಗಿದ್ರೆ ದಿನಚರೀಲಿ ಇದನ್ನ ಯಾಕೆ ಬರೀಲಿಲ್ಲ?"

"ನಿನ್ನ ಸೊಂಟ ಹೋಗಿತ್ತು ಅಂತ ಊರಿಗೆಲ್ಲ ಸಾರಬೇಕಿತ್ತಾ? ದಪ್ಪಗಾದ್ರೆ ಮರ್ಯಾದೆ ಹೋಗಲ್ಲ."

ಲಿಫ್ಟ್ ಕಿಟಕಿಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ಮೂಗು ಒರೆಸಿಕೊಂಡ. ಕೋಲಮ್ಮ ಪತ್ರಾಗಾರದಾಕೆಯ ಕಡೆ ತಿರುಗಿ, "ನೋಡಿ, ಈಗ ಅಳ್ತಿದ್ದಾನೆ. ತಾರೀಖು ಹಾಕ್ಕೊಳ್ಳಿ," ಎಂದಳು.

ಪತ್ರಾಗಾರ ಪೆಟ್ಟಿಗೆಗಳನ್ನು ಹಿಂದಿರುಗಿಸಲಿಲ್ಲ. ಮೇಲಿನ ಚೀಟಿ ಬದಲಾಯಿಸಿ, 'ದಿನಚರಿಯ ರೂಪದಲ್ಲಿ ವೃದ್ಧಾಪ್ಯದಲ್ಲಿ ಬರೆದ ಆತ್ಮಕಥೆ' ಎಂದು ಹಾಕಿದರು. ಕೋಲಮ್ಮ ಆತ್ಮಕಥೆಗೆ ಒಪ್ಪಿದಳು. ವೃದ್ಧಾಪ್ಯಕ್ಕೆ ಒಪ್ಪಲಿಲ್ಲ. ಲಿಫ್ಟ್ ತನ್ನ ತಕರಾರುಗಳನ್ನೂ ಸೇರಿಸಬೇಕೆಂದು ಹಟ ಹಿಡಿದದ್ದರಿಂದ ಅವನ ಹೆಸರಿಗೂ ಒಂದು ಪೆಟ್ಟಿಗೆಯಾಯಿತು. ಅದನ್ನು ತುಂಬಿಸಲು ಅವನು ವಾರಕ್ಕೊಮ್ಮೆ ಬಂದು ಕೋಲಮ್ಮನೆದುರೇ ಬರೆಯುತ್ತಿದ್ದ. ಅವಳು ಕಾಗುಣಿತ ತಿದ್ದುತ್ತಿದ್ದಳು.

ಆದರೆ ಪತ್ರಾಗಾರದಾಕೆಗೆ ಇನ್ನೊಂದು ಕೊರಗಿತ್ತು. ಇಷ್ಟೆಲ್ಲ ಕಾಗದದಲ್ಲಿ 'ಹಗ್ಗ'ದ ಒಂದು ಹೆಜ್ಜೆಯೂ ಇರಲಿಲ್ಲ. ಕ್ಯಾಮೆರಾ ತರುತ್ತೇನೆ, ಕಲಿಸಿಕೊಡಿ ಎಂದು ಕೇಳಿದಳು. ಅಂಗಡಿಯ ಮಹಡಿಗೆ ರಾಜಧಾನಿಯಿಂದ ಇಬ್ಬರು ಎಳೆಯ ನರ್ತಕರು, ಒಬ್ಬ ಯುವಕ ಮತ್ತು ಒಬ್ಬ ಹುಡುಗಿ, ಬಂದರು. ಕೋಲಮ್ಮ ಕುರ್ಚಿಯ ಮೇಲೆ ಕೂತು ಕೋಲು ಕುಟ್ಟಿದಳು. ಲಿಫ್ಟ್ ಗೋಡೆಗೆ ಒರಗಿ ನಿಂತ. ಎತ್ತುವ ಜಾಗ ಬಂತು.

"ಮಂಡಿ ಬಗ್ಗಿಸು, ಸೊಂಟ ಬಗ್ಗಿಸಬೇಡ," ಎಂದ ಲಿಫ್ಟ್.

"ಅವನ ಮಾತು ಕೇಳಬೇಡ, ಅವನು ತಪ್ಪಾಗಿ ಎತ್ತಿಯೇ ಹಾಳಾದ," ಎಂದಳು ಕೋಲಮ್ಮ. "ಮೊದಲು ಉಸಿರು ಬಿಡು."

"ಉಸಿರು ಆಮೇಲೆ."

"ಚಾದರ ನಾನಾ ನೀನಾ?"

ಆ ಯುವಕ ಇಬ್ಬರನ್ನೂ ಕೇಳಿ, ಇಬ್ಬರ ಮಾತನ್ನೂ ಬಿಟ್ಟು, ಆ ಹುಡುಗಿಯನ್ನು ಎತ್ತಿ ಕೋಣೆಯ ಆಚೆ ಗೋಡೆಯವರೆಗೆ ಒಯ್ದ. ಜಗಳ ನಿಂತಿತು. ಕೋಲಮ್ಮ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಜೀವಮಾನವಿಡೀ ಅವಳೇ ಚಾದರವಾಗಿದ್ದರಿಂದ, ಆ ಗಳಿಗೆ ಹೊರಗಿನಿಂದ ಹೇಗೆ ಕಾಣುತ್ತದೆಂದು ಅವಳು ನೋಡಿಯೇ ಇರಲಿಲ್ಲ.

"ಚೆನ್ನಾಗಿದೆ ಅಲ್ವಾ?" ಎಂದಳು ಮೆಲ್ಲಗೆ, ಯಾರಿಗೆಂದಲ್ಲದೆ.

"ಚೆನ್ನಾಗೇ ಇತ್ತು," ಎಂದ ಲಿಫ್ಟ್. "ನನಗೂ ಕಾಣ್ತಿರ್ಲಿಲ್ಲ. ನೀನು ಮೇಲಿದ್ದೆ, ನಾನು ನೆಲ ನೋಡ್ಕೊಂಡು ನಡೀತಿದ್ದೆ."

ಅವಳು ಕೋಲು ಎತ್ತಿ, "ಇನ್ನೊಮ್ಮೆ," ಎಂದಳು. ಅಂದು ಸಂಜೆಯವರೆಗೆ ಅದೊಂದನ್ನೇ ಮಾಡಿಸಿದಳು. ಕೊನೆಗೆ ಆ ಯುವಕ ನೆಲದ ಮೇಲೆ ಅಂಗಾತ ಮಲಗಿ ಇನ್ನು ತನ್ನಿಂದಾಗದು ಎಂದ ಮೇಲಷ್ಟೇ ತಂಗಿ ಬಂದು ಎಲ್ಲರನ್ನೂ ಊಟಕ್ಕೆ ಎಬ್ಬಿಸಿದಳು.