ಗಾಜಿನಡಿಯ ಬಿಲ್ಲೆ

ಐವತ್ತರ ದಶಕದಲ್ಲಿ ನಾನು ಕುಂಬ್ರದ ಶಾಲೆಯಲ್ಲಿ ಮಾಷ್ಟ್ರಾಗಿದ್ದಾಗ ನಮ್ಮ ನೆರೆಯಲ್ಲಿ ಕುಂಬಾರರೊಬ್ಬರಿದ್ದರು. ಎಲ್ಲೇ ಕೂರುವ ಮೊದಲೂ ಬಗ್ಗಿ ನೋಡಿ, "ಅಡಿಯಲ್ಲಿ ಎಂತ ಉಂಟು?" ಎಂದು ಕೇಳುವುದು ಅವರ ಅಭ್ಯಾಸ. ನಮ್ಮ ಜಗಲಿಯ ಕುಂಟು ಬೆಂಚಿಗೆ ಈ ಪ್ರಶ್ನೆ ಒಂದು ದಿನವೂ ತಪ್ಪುತ್ತಿರಲಿಲ್ಲ. ನನಗೋ ಮುಜುಗರ.

ಮಡಕೆಗಿಂತ ಅವರಿಗೆ ಗಾಜಿನ ಹುಚ್ಚು ಹೆಚ್ಚು. ಎರಡು ಕಿಟಕಿಗಾಜುಗಳ ನಡುವೆ ಬಳೆಚೂರು ಹರಡಿ, ಮಡಕೆ ಸುಡುವ ಆವೆಯಲ್ಲಿಟ್ಟು ಒಂದಾಗಿ ಬೆಸೆಯುತ್ತಿದ್ದರು. ಕಾದ ಗಾಜು ಮೆತ್ತಗಾಗಿ ಜೋತುಬೀಳದಂತೆ ಅಡಿಯಲ್ಲಿ ತಾವೇ ಹೆಬ್ಬೆರಳಿಂದ ಒತ್ತಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ಒತ್ತೊತ್ತಾಗಿ ಕೊಟ್ಟು, ಕಿರುಬೆರಳು ತೂರಿಸಿ ಸಂದು ಉಳಿದಿದೆಯೇ ಎಂದು ನೋಡುತ್ತಿದ್ದರು.

ನನ್ನ ಹೆಂಡತಿ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಮದುವೆಬಳೆಯ ಚೂರುಗಳನ್ನೆಲ್ಲ ಅಡುಗೆಮನೆಯ ಕಿಟಕಿಗೆಂದು ಅವರಿಗೆ ಕೊಟ್ಟಳು. ಅವರು ಎಲ್ಲ ಜೋಡಿಸಿಟ್ಟು ಸೌದೆ ತರಲು ಹೋದರು. ನೋಡಲು ಹೋಗಿದ್ದ ನಾನು ಮೂಲೆಯದೊಂದು ಬಿಲ್ಲೆ ಹೆಚ್ಚಿನದೆಂದುಕೊಂಡು ಮೆಲ್ಲಗೆ ಎಳೆದು ಮನೆಗೆ ತಂದು, ಬೆಂಚಿನ ಗಿಡ್ಡ ಕಾಲಿನಡಿ ಇಟ್ಟೆ.

ಆವೆ ಬಿಚ್ಚಿದಾಗ ಗಾಜಿನ ಆ ಮೂಲೆ ಆನೆಯ ಕಿವಿಯ ಹಾಗೆ ಜೋತಿತ್ತು. ಕುಂಬಾರರು ಅದನ್ನೆತ್ತಿಕೊಂಡು ನಮ್ಮ ಜಗಲಿಗೆ ಬಂದು, ಮೊದಲ ಬಾರಿಗೆ ಬಗ್ಗಿ ನೋಡದೆ ಕುಸಿದು ಕೂತರು. ಬೆಂಚು ಅಲ್ಲಾಡಲಿಲ್ಲ. ಅವರ ಹುಬ್ಬು ಮೇಲೇರಿತು. ಆಮೇಲೆ ಬಗ್ಗಿದರು. ಬಿಲ್ಲೆಯ ಮೇಲೆ ಅವರದೇ ಹೆಬ್ಬೆರಳ ಗುರುತು!

"ಅಕ್ಕಾ," ಎಂದು ಒಳಗೆ ಕೇಳುವಂತೆ ಕೂಗಿದರು, "ನಿಮ್ಮ ಕಿಟಕಿ ಹಾಳು ಮಾಡಿದ್ದು ನಾನಲ್ಲ. ಮಾಷ್ಟ್ರು ಬೆಂಚಿನ ಅಡಿಯಲ್ಲಿ ಎಂತ ಇಟ್ಟಿದ್ದಾರೆ ಅಂತ ಸ್ವಲ್ಪ ಬಂದು ನೋಡಿ!"